ಕಾಲುಂಗುರ ತೆಗೆದಿಟ್ಟ ಮಂಗಳವಾರ

ಮಂಗಳವಾರ ಬಂತೆಂದರೆ ಪಂಚಾಕ್ಷರಿಯ ಹೊಟ್ಟೆಯಲ್ಲಿ ಕೆಂಡ. ಅಂದು ಹೆಂಡತಿ ಶಾಂಭವಿ ಆಸ್ಪತ್ರೆಗೆ ಹೋಗುವ ದಿನ. ಏಳು ತಿಂಗಳ ಬಸುರಿ, ಮದುವೆಗೆ ಮೊದಲಿನಿಂದಲೂ ಸಕ್ಕರೆ ಕಾಯಿಲೆ, ಹೋಗಲೇಬೇಕು, ಸರಿ. ಅದಕ್ಕೆ ಮಲ್ಲಿಗೆ ಮುಡಿಯಬೇಕೇ?

“ಡಾಕ್ಟರ್ ಜಯಸಿಂಹ ಎಷ್ಟು ಮೆತ್ತಗೆ ರಕ್ತ ತೆಗೀತಾರೆ ಗೊತ್ತಾ ರೀ? ಸೂಜಿ ಹೋಗಿದ್ದೇ ಗೊತ್ತಾಗಲ್ಲ.”

“ಸೊಳ್ಳೆನೂ ಹಾಗೇ ಕುಡಿಯೋದು.”

ಅವಳು ಓರೆಗಣ್ಣಿನಲ್ಲಿ ನೋಡಿ ನಕ್ಕಳು. ಆ ನೋಟಕ್ಕೆ ಸೋತೇ ಅವನು ಅವ್ವನ ಮಾತು ಮೀರಿ ಅವಳನ್ನು ಕಟ್ಟಿಕೊಂಡಿದ್ದ. ಈಗ ಅದೇ ನೋಟ ಆಸ್ಪತ್ರೆಯಲ್ಲೂ ಹಂಚಿಕೆಯಾಗುತ್ತಿದೆಯೇನೋ ಎಂದು ಮೈ ಉರಿಯಿತು.

ಸಕ್ಕರೆ ಕಾಯಿಲೆಯ ಬಸುರಿಯರಿಗೆ ಬಿಪಿ ಏರುವ ಮುಂಚೆಯೇ ರಕ್ತದಲ್ಲಿ ಏನಾದರೂ ಸುಳಿವು ಸಿಗುತ್ತದೆಯೇ ಎಂದು ಆ ಡಾಕ್ಟರು ಸಂಶೋಧನೆ ನಡೆಸುತ್ತಿದ್ದ; ಅದಕ್ಕೇ ಮಂಗಳವಾರ ಮಂಗಳವಾರ ಶಾಂಭವಿಯ ರಕ್ತವೂ ಬೇಕಿತ್ತು. ಸೊಂಟದಲ್ಲಿ ಪೇಜರ್, ಬಾಯ್ತುಂಬ ನಗು. ಮೊದಲು ಅವಳಿಗೆ ಇನ್ಸುಲಿನ್ ಚುಚ್ಚುತ್ತಿದ್ದವನು ಪಂಚಾಕ್ಷರಿ. ಈಗ, “ಡಾಕ್ಟ್ರು ಹೇಳ್ಕೊಟ್ಟಿದ್ದಾರೆ, ನಾನೇ ತಗೋತೀನಿ ಬಿಡಿ.”

ಅವಳು ಹೊರಟುಹೋದ ಮೇಲೆ ಕಿಟಕಿಯಲ್ಲಿ ಪೌಡರ್ ಡಬ್ಬಿಯ ಪಕ್ಕ ಅವಳ ಕಾಲುಂಗುರಗಳು ಕಂಡವು. ಗಂಡ ಇರುವಾಗಲೇ ಕಾಲುಂಗುರ ತೆಗೆದವರನ್ನು ದಾವಣಗೆರೆಯ ಅವನ ಮನೆತನದಲ್ಲಿ ಯಾರೂ ಕಂಡಿರಲಿಲ್ಲ. ಏಳು ತಿಂಗಳ ಹೊಟ್ಟೆ ಹೊತ್ತವಳು ಮದುವೆಯನ್ನು ಬಚ್ಚಿಡುವುದಾದರೂ ಹೇಗೆ ಎಂದು ಕೇಳುವಷ್ಟು ಬುದ್ಧಿ ಹೊಟ್ಟೆಕಿಚ್ಚಿಗೆ ಎಲ್ಲಿಯದು? ಪೀಣ್ಯದ ಫ್ಯಾಕ್ಟರಿಗೆ ಹೊರಟಿದ್ದ ಸ್ಕೂಟರ್ ಆಸ್ಪತ್ರೆಯ ಕಡೆ ತಿರುಗಿತು.

ಬಾಗಿಲು ತಳ್ಳಿದರೆ, ಜಯಸಿಂಹ ಸ್ಟೂಲಿನ ಮೇಲೆ ಕೂತು ಶಾಂಭವಿಯ ಪಾದ ಹಿಡಿದುಕೊಂಡಿದ್ದ!

“ಏನ್ ಸಾರ್ ಇದು? ಕಾಲುಂಗುರ ಬಿಚ್ಚಿಸಿ ಕಾಲು ಹಿಡ್ಕೊಳ್ಳೋದೂ ಸಂಶೋಧನೆನಾ?”

ಡಾಕ್ಟರು ಸಿಟ್ಟಾಗಲಿಲ್ಲ. “ಬನ್ನಿ, ನೀವೇ ನೋಡಿ,” ಎಂದು ಪಾದದ ಮೇಲೆ ಹೆಬ್ಬೆರಳು ಒತ್ತಿ ತೆಗೆದ. ಬಿದ್ದ ಗುಳಿ ಮೇಲೇಳಲೇ ಇಲ್ಲ. “ಬಾತುಕೊಂಡಿದೆ. ಉಂಗುರ ಬಿಗೀತಿತ್ತಂತೆ, ತೆಗೆದಿದ್ದಾರೆ. ಬಿಪಿ ತುಂಬಾ ಏರಿದೆ, ಯೂರಿನ್‌ನಲ್ಲಿ ಪ್ರೋಟೀನ್ ಹೋಗ್ತಿದೆ. ಈಗ್ಲೇ ಅಡ್ಮಿಟ್ ಮಾಡ್ಬೇಕು. ತಡ ಮಾಡಿದ್ರೆ ಫಿಟ್ಸ್ ಬರಬಹುದು, ತಾಯಿ ಮಗು ಇಬ್ರಿಗೂ ಅಪಾಯ.”

ಪಂಚಾಕ್ಷರಿಯ ಸಿಟ್ಟು ಜರ್ರನೆ ಇಳಿಯಿತು. ಒಂದೇ ಮನೆಯಲ್ಲಿದ್ದೂ ಹೆಂಡತಿಯ ಕಾಲು ನೋಡದವನು ತಾನು.

ವಾರ್ಡಿನಲ್ಲಿ ಇಂಜೆಕ್ಷನ್ ಕೊಟ್ಟು ನರ್ಸ್ ಅತ್ತ ಹೋದಳು.

“ಊದಿದೆ ಅಂತ ನನಗ್ಯಾಕೆ ಹೇಳ್ಲಿಲ್ಲ?”

“ಅತ್ತೆ ಮೊದಲೇ ಹೇಳಿದ್ರಲ್ಲ, ಸಕ್ಕರೆ ಕಾಯಿಲೆ ಹುಡುಗಿ ಬೇಡ ಅಂತ. ಅವರ ಮಾತೇ ನಿಜ ಅಂತ ನಿಮಗನ್ನಿಸಿಬಿಟ್ರೆ?”

“ಆ ಡಾಕ್ಟರ್ ಹತ್ರ ಮಾತ್ರ ಎಲ್ಲಾ ಹೇಳ್ತೀಯ. ನನಗೆ ಹೊಟ್ಟೆ ಉರಿಯುತ್ತೆ ಕಣೇ.”

“ಗೊತ್ತು ಬಿಡಿ,” ಎಂದು ಸಣ್ಣಗೆ ನಕ್ಕಳು. ಆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. “ಅವರ ಹತ್ರ ‘ನಾನು ಸಾಯ್ತೀನಾ’ ಅಂತ ಕೇಳಬಹುದು ರೀ. ನಿಮ್ಮನ್ನ ಕೇಳೋಕಾಗುತ್ತಾ?”

ಈ ಒಂದು ಮಾತಿಗೆ ಪಂಚಾಕ್ಷರಿಗೆ ಆದ ಹೊಟ್ಟೆಕಿಚ್ಚು ಅವಳು ಮಲ್ಲಿಗೆ ಮುಡಿದಾಗಲೂ ಆಗಿರಲಿಲ್ಲ.

“ನನ್ನನ್ನೇ ಕೇಳು.”

ಅವಳು ಅವನ ಕಣ್ಣನ್ನೇ ನೋಡಿದಳು. “ಸಾಯ್ತೀನಾ?”

ಧೈರ್ಯ ಹೇಳಬೇಕೆಂದು ಬಾಯಿ ತೆರೆದ. ಆಗಲಿಲ್ಲ. “ಗೊತ್ತಿಲ್ಲ ಕಣೇ. ನನಗೆ ತುಂಬಾ ಭಯ ಆಗ್ತಿದೆ,” ಎಂದು ಅವಳ ಅಂಗೈಯಲ್ಲಿ ಮುಖವಿಟ್ಟು ಅತ್ತುಬಿಟ್ಟ.

ಶಾಂಭವಿ ಅವನ ತಲೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. “ಅಯ್ಯೋ, ಇದನ್ನ ಮೊದಲೇ ಹೇಳಬಾರದಿತ್ತಾ? ನಾನೊಬ್ಬಳೇ ಹೆದರ್ಕೊಂಡು ಸಾಕಾಗಿತ್ತು.”