ಹದಿನೆಂಟನೇ ಉಲ್ಲೇಖ

"ಇದನ್ನ ಟೈಪ್ ಮಾಡಿದ್ದು ಯಾರು?"

ಆ ಧ್ವನಿಗೆ ಆರೂ ಮೆಷೀನುಗಳ ಸದ್ದು ಒಮ್ಮೆಗೇ ನಿಂತಿತು.

ಶಿಡ್ಲಘಟ್ಟದ ನಲ್ಲಪ್ಪನವರ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಅಷ್ಟು ಗಟ್ಟಿಯಾಗಿ ಯಾರೂ ಮಾತಾಡುತ್ತಿರಲಿಲ್ಲ. ಬಾಗಿಲಲ್ಲಿ ನಿಂತಿದ್ದವನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಚನ್ನಕೇಶವ. ಕೈಯಲ್ಲಿ ಹಾಳೆಗಳ ಕಟ್ಟು, ಮುಖದಲ್ಲಿ ಕೋಪ.

"ನಾನೇ," ಎಂದು ವೆಂಕಟರತ್ನಮ್ಮ ಎದ್ದು ನಿಂತಳು.

"ಕೊನೇ ಹಾಳೆ ನೋಡಿ! ನಾನು ಓದಿದ ಪುಸ್ತಕಗಳ ಉಲ್ಲೇಖ ಇದು. ಎಲ್ಲರದೂ ಮನೆ ಹೆಸರು ಮೊದಲು, ಇನಿಷಿಯಲ್ ಆಮೇಲೆ ಅಂತ ಬರೆದುಕೊಟ್ಟಿದ್ದೆ. ನೀವು ಹದಿನೇಳನ್ನೂ ತಿರುಗಿಸಿ ಹಾಕಿದ್ದೀರಿ. ಕಲ್ಕತ್ತೆಯ ಪತ್ರಿಕೆಯವರು ಲೇಖನಾನೇ ವಾಪಸ್ ಕಳಿಸಿದ್ದಾರೆ!"

"ನೀವೇ ತಪ್ಪು ಬರೆದಿದ್ದೀರಿ ಅಂದ್ಕೊಂಡೆ ಸಾರ್. ನನ್ನ ಹೆಸರು ಕೆ. ವೆಂಕಟರತ್ನಮ್ಮ. ಕೆ. ಅಂದ್ರೆ ಕೋನಪ್ಪ, ನಮ್ಮಪ್ಪ. ಅಪ್ಪ ಮುಂದೆ, ಮಗಳು ಹಿಂದೆ. ಅಪ್ಪನ್ನ ಹಿಂದಕ್ಕೆ ತಳ್ಳೋ ಜನಾನೂ ಇರ್ತಾರೆ ಅಂತ ನಂಗೇನು ಗೊತ್ತು?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಚನ್ನಕೇಶವ ಕೋಪವನ್ನು ಉಳಿಸಿಕೊಳ್ಳಲು ನೋಡಿದ. ಆಗಲಿಲ್ಲ... ನಕ್ಕುಬಿಟ್ಟ.

ಅವತ್ತಿನಿಂದ ದಿನವೂ ಸಂಜೆ ಐದಕ್ಕೆ ಅವನು ಬರತೊಡಗಿದ. ಅವನು ಓದುವುದು, ಅವಳು ಟೈಪ್ ಮಾಡುವುದು. ಹೆಸರಿನ ನಂತರ ಕಾಮಾ. ವರ್ಷದ ನಂತರ ಚುಕ್ಕಿ. ಪತ್ರಿಕೆಯ ಹೆಸರಿನ ಕೆಳಗೆ ಗೆರೆ. ಅದಕ್ಕಾಗಿ ಮೆಷೀನಿನ ಕ್ಯಾರೇಜನ್ನು ಹಿಂದಕ್ಕೆ ತಳ್ಳಿ ಅಕ್ಷರಕ್ಕೊಂದರಂತೆ ಗೆರೆ ಹೊಡೆಯಬೇಕು.

ಅದರಾಚೆಗೆ ಅವನು ಹೆಚ್ಚು ಮಾತಾಡುತ್ತಿರಲಿಲ್ಲ. ಮೊದಮೊದಲು ಆ ಮೌನ ಅವಳಿಗೆ ಬಿಗುಮಾನದಂತೆ ಕಂಡಿತು. ಆಮೇಲಾಮೇಲೆ ಐದು ಗಂಟೆ ಆಗುವುದನ್ನೇ ಕಾಯತೊಡಗಿದಳು. ಯಾಕೆಂದು ಅವಳಿಗೇ ತಿಳಿಯಲಿಲ್ಲ.

ಒಂದು ಸಂಜೆ ಅವಳ ಕೈ ತಟ್ಟನೆ ನಿಂತಿತು. "ಇದು ತಪ್ಪು ಸಾರ್."

"ಯಾವ ಕಾಮಾ?"

"ಕಾಮಾ ಅಲ್ಲ, ವಿಷಯ! ರೇಷ್ಮೆಹುಳಕ್ಕೆ ಸುಣ್ಣಕಟ್ಟು ರೋಗ ಬರೀ ಚಳಿಗೆ ಬರಲ್ಲ. ಒದ್ದೆ ಸೊಪ್ಪು ಹಾಕಿ ಕಿಟಕಿ ಮುಚ್ಚಿದ್ರೆ ಬರತ್ತೆ. ಹುಳ ಸತ್ತು ಸುಣ್ಣದ ಕಡ್ಡಿ ಆಗೋದನ್ನ ಐದು ವರ್ಷದಿಂದ ನೋಡಿದ್ದೀನಿ. ಬರೆದೂ ಇಟ್ಟಿದ್ದೀನಿ."

"ಬರೆದಿಟ್ಟಿದ್ದೀರಾ?"

ಮುಂದಿನ ಭಾನುವಾರ ಅವನು ಅವಳ ಊರು ಮೇಲೂರಿಗೇ ಬಂದ. ಕೋನಪ್ಪನ ಹುಳು ಮನೆಯಲ್ಲಿ, ರೇಷ್ಮೆಹುಳ ಸೊಪ್ಪು ತಿನ್ನುವ ಸರಸರ ಸದ್ದಿನ ನಡುವೆ ಕೂತು, ಅವಳ ನೋಟ್‌ಬುಕ್ಕನ್ನು ಮೊದಲಿನಿಂದ ಕೊನೆಯವರೆಗೆ ಓದಿದ. ಸೋದರತ್ತೆ ಗಂಗುಲಮ್ಮ ಬಡಿಸಿದ ಮುದ್ದೆ ಆರಿಹೋದದ್ದೂ ಅವನಿಗೆ ಗೊತ್ತಾಗಲಿಲ್ಲ.

"ಇದು ಹದಿನೆಂಟನೇ ಉಲ್ಲೇಖ," ಎಂದ ಕೊನೆಗೆ.

"ನನ್ನ ಪುಸ್ತಕಾನಾ? ಆ ದೊಡ್ಡ ದೊಡ್ಡೋರ ಜೊತೇಲಾ?"

"ಅವರ್ಯಾರೂ ದಿನಾ ಬೆಳಗಿನ ಜಾವ ಎದ್ದು ನೋಡಿಲ್ಲ. ನೀವು ನೋಡಿದ್ದೀರಿ."

ಅವಳ ಕಣ್ಣು ತುಂಬಿಬಂತು. ಮನೆಯಲ್ಲಿ ಆ ಪುಸ್ತಕವನ್ನು ಎಲ್ಲರೂ ಹುಡುಗಿಯ ಗೀಚಾಟ ಎನ್ನುತ್ತಿದ್ದರು!

ಗಂಗುಲಮ್ಮ ಅವನನ್ನು ಬಸ್ಸಿನವರೆಗೆ ಬಿಡಲು ಹೋದಳು. ಆ ಸಂಜೆಯೇ ವೆಂಕಟರತ್ನಮ್ಮ ಅಪ್ಪನ ಮುಂದೆ ನಿಂತು, "ಚಿಂತಾಮಣಿಯಿಂದ ಬಂದಿರೋ ಮದುವೆ ಸಂಬಂಧ ನಂಗೆ ಬೇಡಪ್ಪ," ಎಂದಳು. ಕೋನಪ್ಪ ಮಗಳ ಮುಖವನ್ನೇ ನೋಡಿದ. ಕಾರಣ ಕೇಳಲಿಲ್ಲ, "ಆಯ್ತಮ್ಮ," ಎಂದಷ್ಟೇ ಹೇಳಿದ.

ಸೋಮವಾರ ಐದು ಗಂಟೆಯಾಯಿತು. ಚನ್ನಕೇಶವ ಬರಲಿಲ್ಲ.

ಮಂಗಳವಾರವೂ ಇಲ್ಲ. ಬುಧವಾರವೂ ಇಲ್ಲ...

ಗುರುವಾರ ಸ್ಕೂಲಿನ ಜವಾನ ಕೊಂಡಪ್ಪ ಒಂದು ಲಕೋಟೆ ತಂದುಕೊಟ್ಟ. ಒಳಗೆ ತಿದ್ದಿದ ಹಾಳೆಗಳು, ಒಂದು ಚೀಟಿ: 'ಶನಿವಾರದ ಅಂಚೆಗೆ ಹೋಗಬೇಕು.' ಅಷ್ಟೇ.

ಅವಳು ಕೊನೆಯ ಹಾಳೆ ತೆಗೆದಳು. ಹದಿನೇಳು ಹೆಸರುಗಳು, ಕಾಮಾ, ಇನಿಷಿಯಲ್, ಚುಕ್ಕಿ ಎಲ್ಲ ಅಚ್ಚುಕಟ್ಟು. ಹದಿನೆಂಟನೆಯದು ಹೀಗಿತ್ತು: 'ವೆಂಕಟರತ್ನಮ್ಮ,' ಆಮೇಲೆ... ಖಾಲಿ ಜಾಗ.

ಇನಿಷಿಯಲ್ ಇರಬೇಕಾದ ಕಡೆ ಏನೂ ಇರಲಿಲ್ಲ.

ಮೇಷ್ಟ್ರಿಗೆ ಕಡಲಾಚೆಯ ಲೇಖಕರ ಅಪ್ಪ, ತಾತನ ಅಕ್ಷರವೆಲ್ಲ ನೆನಪಿದೆ. ನಮ್ಮಪ್ಪನದು ನೆನಪಿಲ್ಲವೇ? ಅವನ ಮನೆಯಲ್ಲಿ ಕೂತು ಉಂಡು ಹೋದವರಿಗೆ? ಅಥವಾ ನನ್ನ ಹೆಸರೇ ಬೇಡವೆನಿಸಿತೇ? ಬೇಡವಾದರೆ ಹೊಡೆದುಹಾಕಬಹುದಿತ್ತು. ಅರ್ಧ ಬರೆದು ಅರ್ಧ ಬಿಡುವುದು ಏನು?

ಆ ಖಾಲಿ ಜಾಗವನ್ನು ದಿಟ್ಟಿಸಿದಷ್ಟೂ ಅವಳಿಗೆ ಅರ್ಥವಾಗಲಿಲ್ಲ.

"ಯಾಕಮ್ಮ, ಕೈ ನಿಂತುಬಿಡ್ತು?" ನಲ್ಲಪ್ಪ ಕೇಳಿದರು.

"ಒಂದಕ್ಷರ ಇಲ್ಲ ಸಾರ್."

"ಮೇಷ್ಟ್ರನ್ನ ಕೇಳಮ್ಮ."

"ಅವ್ರು ಬಂದ್ರೆ ತಾನೇ!"

ಶನಿವಾರ ಮಧ್ಯಾಹ್ನ ಅವನು ಬಂದ. ಅವಳ ಮುಖ ನೋಡಲಿಲ್ಲ. "ಆಯ್ತಾ? ಮೂರಕ್ಕೆ ಅಂಚೆ ಹೊರಡತ್ತೆ."

"ಒಂದಕ್ಷರ ಬಾಕಿ ಇದೆ." ಅವಳು ಖಾಲಿ ಜಾಗದ ಮೇಲೆ ಬೆರಳಿಟ್ಟಳು. "ಕೋನಪ್ಪ ಅನ್ನೋ ಹೆಸರು ನಿಮಗೆ ನೆನಪಿಗೆ ಬರಲಿಲ್ವಾ ಸಾರ್?"

ಅವನು ಮೇಜಿನ ಮೇಲಿದ್ದ ಹಾಳೆಗಳನ್ನು ಜೋಡಿಸತೊಡಗಿದ.

"ಬೇಡ ಅಂದ್ರೆ ಬೇಡ ಅನ್ನಿ. ನಮ್ಮಪ್ಪನ ಜಾಗ ಖಾಲಿ ಬಿಟ್ಟು ಅವಮಾನ ಮಾಡಬೇಡಿ!"

"ಅವಮಾನಾನಾ?" ಅವನು ಬೆಚ್ಚಿದ. "ಅವತ್ತು ಬಸ್ಸಿನ ಹತ್ರ ನಿಮ್ಮತ್ತೆ ಹೇಳಿದ್ರು. 'ಸಂಕ್ರಾಂತಿ ಕಳೀಲಿ ಮೇಷ್ಟ್ರೇ, ನಮ್ಮ ಹುಡುಗೀನ ಚಿಂತಾಮಣಿಗೆ ಕೊಡ್ತಾ ಇದ್ದೀವಿ' ಅಂತ. ಪತ್ರಿಕೆ ಅಚ್ಚಾಗೋದು ಯುಗಾದಿ ಹೊತ್ತಿಗೆ. ಅಷ್ಟರಲ್ಲಿ ನಿಮ್ಮ ಇನಿಷಿಯಲ್ ಬದಲಾಗಿರತ್ತೆ. ಹಳೇ ಅಕ್ಷರ ಅಚ್ಚಾದ್ರೆ, ಇದು ನಿಮ್ಮದೇ ಅಂತ ಆ ಮನೇಲಿ ಯಾರು ನಂಬ್ತಾರೆ? ಯಾವ ಅಕ್ಷರ ಹಾಕಲಿ ಅಂತ ಕೇಳೋಕೆ ದಿನಾ ಇಲ್ಲಿ ತನಕ ಬಂದೆ. ಬಾಗಿಲಿಂದಾನೇ ವಾಪಸ್ ಹೋದೆ..."

"ಯಾಕೆ?"

"ನೀವು ಇನ್ನೊಬ್ಬರ ಹೆಸರು ಹೇಳೋದನ್ನ ಕೇಳೋಕೆ ಆಗ್ತಿರಲಿಲ್ಲ."

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಂದು ವಾರದ ಕತ್ತಲೆಯೆಲ್ಲ ಇಷ್ಟೇನಾ?

"ಚಿಂತಾಮಣಿ ಸಂಬಂಧ ಬೇಡ ಅಂತ ಅವತ್ತೇ ಸಂಜೆ ಹೇಳಿಬಿಟ್ಟೆ," ಎಂದಳು ಮೆಲ್ಲಗೆ. "ಅತ್ತೆಗೆ ಅದು ಗೊತ್ತಿರಲಿಲ್ಲ."

ಅವನು ಅವಳನ್ನೇ ನೋಡುತ್ತ ನಿಂತ. "ಹಾಗಾದ್ರೆ... ಕೆ. ಅಂತಲೇ ಇರಲಾ?"

"ಪುಸ್ತಕ ಬರೆದವಳು ಕೋನಪ್ಪನ ಮಗಳು. ಮದುವೆ ಯಾರನ್ನೇ ಆಗ್ಲಿ, ಇಲ್ಲಿ ಈ ಅಕ್ಷರಾನೇ ಇರಬೇಕು."

ಅವಳು ಮೆಷೀನಿಗೆ ಕೈ ಹಾಕಿದಳು. ಟಕ್. ಅಕ್ಷರ ಬಿತ್ತು. ಟಕ್. ಚುಕ್ಕಿ ಬಿತ್ತು.

"ಯಾರನ್ನೇ ಆಗ್ಲಿ?" ಅವನು ಮತ್ತೆ ಕೇಳಿದ.

ಅವಳು ಹಾಳೆಯನ್ನು ಎಳೆದು ತೆಗೆದು ಅವನ ಕೈಗಿತ್ತಳು. "ಇನ್ಮೇಲೆ ಗೊತ್ತಿಲ್ಲದೇ ಇರೋದನ್ನ ಖಾಲಿ ಬಿಡಬೇಡಿ. ನನ್ನನ್ನ ಕೇಳಿ."

"ಈಗಲೇ ಕೇಳಲಾ?"

"...ಕೇಳಿ."

"ನಾಳೆ ಮೇಲೂರಿಗೆ ಬಂದು ನಿಮ್ಮಪ್ಪನ ಹತ್ರ ಮಾತಾಡಬೇಕು ಅಂತಿದ್ದೀನಿ. ಹುಳದ ವಿಷಯ ಅಲ್ಲ. ನಿಮಗೆ ಒಪ್ಪಿಗೆಯಾ?"

ಹಿಂದಿನ ಸಾಲಿನಲ್ಲಿ ಒಂದು ಮೆಷೀನೂ ಸದ್ದು ಮಾಡುತ್ತಿರಲಿಲ್ಲ. ಅವಳ ಕೆನ್ನೆ ಕೆಂಪಾಯಿತು.

"ಅದನ್ನೂ ಟೈಪ್ ಮಾಡಿಯೇ ಕೊಡ್ಬೇಕಾ?"

"ಬೇಡ, ಬಾಯಲ್ಲೇ ಹೇಳಿ."

ಸಾರ್ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದು ಅಲ್ಲೇ ಕರಗಿತು.

"ಹೂಂ... ರೀ."