ನುಕುಸೇರೆಯ ಹನ್ನೆರಡು ಸೆಂಟಿಮೀಟರ್

ಮಾರ್ಚ್ 11, ಸೋಮವಾರ ಬೆಳಿಗ್ಗೆ 9.10ಕ್ಕೆ ದ್ವೀಪದೇಶದ ರಾಜಧಾನಿ ಸುವಾದ ಬಂದರು ರಸ್ತೆಯ ಠಾಣೆಗೆ ಒಂದು ದೂರು ಬಂತು. ತಂದವರು ಕಡಲಮಟ್ಟ ಅಳೆಯುವ ಕೇಂದ್ರದ ಮುಖ್ಯಸ್ಥೆ ಡಾ. ಮೆರೆಸೇನಿ. ಕಳುವಾದದ್ದು ಏನು ಎಂಬ ಕಡೆ ಅವರು ‘1,08,327 ಸಾಲುಗಳು’ ಎಂದು ಬರೆದಿದ್ದರು. ಕಾನ್‌ಸ್ಟೇಬಲ್ ರವ್ನೀಲ್ ಗೌಂಡರ್ ಅದನ್ನು ಎರಡು ಸಲ ಓದಿ ಇನ್ಸ್‌ಪೆಕ್ಟರ್ ಲೊಸೆನಾಳ ಮೇಜಿನ ಮೇಲಿಟ್ಟ.

“ಮೇಡಂ, ಈ ಸಲ ದನಾನೂ ಅಲ್ಲ, ದೋಣಿ ಎಂಜಿನ್ನೂ ಅಲ್ಲ. ಸಾಲು ಕಳ್ಳತನ ಆಗಿದೆಯಂತೆ.”

“ಹಲ್ಲು ಕಿರಿದಿದ್ದು ಸಾಕು. ಒಳಗೆ ಕರಿ ಅವರನ್ನ.”

ಲೊಸೆನಾಳಿಗೆ ಇಪ್ಪತ್ತೆರಡು ವರ್ಷದ ಸರ್ವೀಸು, ಆದರೂ ಕುರ್ಚಿಯಲ್ಲಿ ಕೂರುವುದು ಮಾತ್ರ ಬಂದಿರಲಿಲ್ಲ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ನಡೆಯುತ್ತಲೇ ಕೇಳಿದಳು.

“ಏನಿತ್ತು ಆ ಸಾಲುಗಳಲ್ಲಿ?”

“ನೀರಿನ ಎತ್ತರ. ಇಪ್ಪತ್ತಾರು ಊರಿನ ದಡದಲ್ಲಿ ನಮ್ಮ ಅಳತೆ ಕಂಬಗಳಿವೆ. ಐದೈದು ನಿಮಿಷಕ್ಕೆ ಒಂದೊಂದು ಸಾಲು, ಹನ್ನೊಂದು ವರ್ಷದಿಂದ.”

“ಯಾವ ಊರಿಂದು ಹೋಗಿರೋದು?”

“ನುಕುಸೇರೆ ಒಂದೇ. ಕೊನೇ ಒಂದು ವರ್ಷ ಹನ್ನೊಂದು ದಿನದ್ದು.”

“ಬೇರೆ ಪ್ರತಿ ಇಲ್ವಾ?”

“ಇದೆ. ಅರ್ಧ ಗಂಟೇಲಿ ವಾಪಸ್ ಹಾಕ್ಬಹುದು.” ಮೆರೆಸೇನಿಯವರ ಕೈ ಚೀಲದ ಹಿಡಿಯನ್ನು ಹಿಂಡುತ್ತಿತ್ತು. “ಆದ್ರೆ ಶುಕ್ರವಾರ ಈ ಅಂಕೆ ನೋಡೇ ಸರ್ಕಾರ ಆ ಊರನ್ನ ಗುಡ್ಡಕ್ಕೆ ಎತ್ತೋ ಆದೇಶಕ್ಕೆ ಸಹಿ ಹಾಕುತ್ತೆ. ಸತ್ತೋರನ್ನ ಬಿಟ್ಟು ಹೋಗಲ್ಲ ಅಂತ ಊರೋರು ಹಟ ಹಿಡಿದಿದಾರೆ. ಅದಕ್ಕೇ ಬರೋ ಶನಿವಾರ ಸಮಾಧಿಗಳನ್ನೆಲ್ಲ ಅಗೆದು ತೆಗೀತಾರೆ. ಯಾರೋ ಇದರ ಮೇಲೆ ಕೈಯಾಡಿಸಿದಾರೆ ಅಂದ್ಮೇಲೆ, ಯಾವ ಪ್ರತೀನ ನಂಬಿ ನಾನು ರುಜು ಹಾಕ್ಲಿ?”

9.50ಕ್ಕೆ ಎಫ್‌ಐಆರ್ ದಾಖಲಾಯಿತು. ಉಳಿದಿದ್ದು ನಾಲ್ಕು ದಿನ.

11.15ಕ್ಕೆ ಲೊಸೆನಾ, ಗೌಂಡರ್ ಇಬ್ಬರೂ ಕೇಂದ್ರದಲ್ಲಿದ್ದರು. ಅಲ್ಲಿ ಈ ಅಂಕೆಗಳನ್ನೆಲ್ಲ ತುಂಬಿಡುವ ಪ್ರೋಗ್ರಾಂ ಬರೆದವನು ಪ್ರೀತೇಶ್. ಲೊಸೆನಾ ಇನ್ನೂ ಬಾಯಿ ತೆರೆದಿರಲಿಲ್ಲ. “ಶನಿವಾರ ನಾನಿಲ್ಲಿ ಇರ್ಲೇ ಇಲ್ಲ ಮೇಡಂ, ರಗ್ಬಿ ನೋಡೋಕೆ ಹೋಗಿದ್ದೆ,” ಎಂದುಬಿಟ್ಟ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಎಲ್ಲ ದೇಶದಲ್ಲೂ ಇರುತ್ತಾರೆ.

“ಶನಿವಾರ ಅಂತ ಯಾರು ಹೇಳಿದ್ರು ನಿಂಗೆ?” ಎಂದ ಗೌಂಡರ್.

“ಕಡತ ಬದಲಾದ ಹೊತ್ತು ಇಲ್ಲೇ ಬರೆದಿದೆಯಲ್ಲ ಅಣ್ಣ, ಶನಿವಾರ ಸಂಜೆ 5.32 ಅಂತ. ನೋಡು.”

“ಅದು ಹೇಗೆ ಬದಲಾಗುತ್ತೆ, ಮೊದಲಿಂದ ಹೇಳು,” ಎಂದಳು ಲೊಸೆನಾ. “ನಮ್ಮಜ್ಜಿಗೆ ಹೇಳೋ ಹಾಗೆ.”

“ಕಂಬದಿಂದ ಬರೋದು ಬರೀ ಅಕ್ಷರದ ಕಡತ ಮೇಡಂ. ಊರಿಗೊಂದು. ಇಪ್ಪತ್ತಾರನ್ನೂ ಸೇರಿಸಿದ್ರೆ ಮೂರು ಕೋಟಿ ಸಾಲು. ಅದನ್ನೇ ದಿನಾ ಓದಿಸ್ತಾ ಕೂತ್ರೆ ರೊಟ್ಟಿ ತಿಂದು, ಚಾ ಕುಡಿದು ಬಂದ್ರೂ ಮುಗಿಯಲ್ಲ. ಅದಕ್ಕೇ ಭಾನುವಾರ ಭಾನುವಾರ ನನ್ನ ಪ್ರೋಗ್ರಾಂ ಒಂದೇ ಸಲ ಎಲ್ಲ ಓದಿ, ಹೊತ್ತು ಒಂದು ಕಡೆ, ಎತ್ತರ ಒಂದು ಕಡೆ, ಕಂಬದ ನಂಬರ್ ಒಂದು ಕಡೆ, ಹೀಗೆ ಕಾಲಂ ಕಾಲಂ ಮಾಡಿ ಒತ್ತಿ ಇಟ್ಟುಬಿಡುತ್ತೆ. ಆಮೇಲೆ ಬೇಕಾದ ಕಾಲಂ ಮಾತ್ರ ಎತ್ಕೊಂಡ್ರೆ ನಾಲ್ಕು ಸೆಕೆಂಡು.”

“ಕಳ್ಳ ಕೈ ಹಾಕಿದ್ದು ಒತ್ತಿಟ್ಟಿದ್ದಕ್ಕಾ, ಅಕ್ಷರದ ಕಡತಕ್ಕಾ?”

“ಅಕ್ಷರದ್ದಕ್ಕೆ. ನನ್ನ ಪ್ರೋಗ್ರಾಂ ಭಾನುವಾರ ಅದನ್ನೇ ನಿಜ ಅಂತ ನಂಬಿ ಒಳಗೆ ತಗೊಂಡಿದೆ.”

“ಅದನ್ನ ಮುಟ್ಟೋಕೆ ಯಾರ್ಯಾರಿಗೆ ಆಗುತ್ತೆ?”

“ಮೂರೇ ಜನಕ್ಕೆ. ಡಾಕ್ಟರ್, ನಾನು, ಕಂಬ ನೋಡ್ಕೊಳ್ಳೋ ಸೆಮೀಸಿ ಮಾವ.”

“ಎಷ್ಟು ಸಾಲು ಉಳಿದಿದೆ?”

ಪ್ರೀತೇಶ್ ಎಣಿಸಿದ. ತಲೆಬರಹದ ಒಂದು ಸಾಲೂ ಸೇರಿ 10,48,576. ಅಂಕೆ ತೆರೆಯ ಮೇಲೆ ಬಂದದ್ದೇ ಅವನು ಕುರ್ಚಿ ಹಿಂದಕ್ಕೆ ತಳ್ಳಿದ.

“ಏನಾಯ್ತು?”

“ಈ ಅಂಕೆ ನಮ್ಮ ಕೆಲಸದೋರಿಗೆಲ್ಲ ಬಾಯಿಪಾಠ ಮೇಡಂ. ಸ್ಪ್ರೆಡ್‌ಶೀಟಲ್ಲಿ ಹಿಡಿಯೋದು ಇಷ್ಟೇ ಸಾಲು. ಇದರ ಮೇಲೆ ಒಂದೂ ಹಿಡಿಯಲ್ಲ. ಅದರಲ್ಲಿ ತೆರೆದು ಸೇವ್ ಮಾಡಿದ್ರೆ ಮಿಕ್ಕ ಬಾಲ ಕತ್ತರಿಸಿ ಹೋಗುತ್ತೆ.” ಅವನು ಇನ್ನೊಂದು ಕಾಲಂ ತೋರಿಸಿದ. “ಇಲ್ಲಿ ನೋಡಿ, ಕಂಬದ ನಂಬರ್ 014 ಇತ್ತು. ಈಗ ಬರೀ 14. ಮುಂದಿನ ಸೊನ್ನೆ ತಿಂದು ಹಾಕೋದೂ ಸ್ಪ್ರೆಡ್‌ಶೀಟೇ. ನಾನಾಗ್ಲಿ ಡಾಕ್ಟರಾಗ್ಲಿ ಇಷ್ಟು ದೊಡ್ಡ ಕಡತಾನ ಅದರಲ್ಲಿ ತೆರೆಯಲ್ಲ. ಬಕೇಟಿಗೆ ಕಡಲು ತುಂಬೋಕೆ ಯಾರು ಹೋಗ್ತಾರೆ?”

ಅಂದರೆ ಆ ಸಾಲುಗಳನ್ನು ಯಾರೂ ಬೇಕೆಂದು ಅಳಿಸಿರಲಿಲ್ಲ. ಬೇರೇನೋ ಮಾಡಲು ಹೋದವನ ಕೈಯಲ್ಲಿ, ಅವನಿಗೇ ಗೊತ್ತಿಲ್ಲದೆ ಉದುರಿದ್ದವು. ಹಾಗಾದರೆ ಆ ಬೇರೇನೋ ಏನು? ಲೊಸೆನಾ ಹಳೆಯ ಪ್ರತಿಯನ್ನೂ ಹೊಸದನ್ನೂ ಸಾಲಿಗೆ ಸಾಲು ಹೋಲಿಸಿ ನೋಡಲು ಹೇಳಿದಳು. ಉತ್ತರ ಬರುವ ತನಕ ಆ ಪುಟ್ಟ ಕೋಣೆಯಲ್ಲಿ ಅವಳು ನಡೆದಾಡಿದ್ದಕ್ಕೆ ಪ್ರೀತೇಶನ ತಲೆ ತಿರುಗಿತು. ಆರು ವರ್ಷದ ಹಿಂದಿನ ಚಂಡಮಾರುತದವರೆಗೆ ಎರಡೂ ಒಂದೇ ಇದ್ದವು. ಅಲ್ಲಿಂದ ಈಚೆಗೆ ಹೊಸ ಕಡತದ ಪ್ರತಿ ಸಾಲಿನಲ್ಲೂ ನೀರು ಹನ್ನೆರಡು ಸೆಂಟಿಮೀಟರ್ ಕಡಿಮೆ.

“ಆ ಚಂಡಮಾರುತ ಆದ್ಮೇಲೆ ಅಲ್ಲಿ ನೀರು ಸರಕ್ಕನೆ ಏರಿತ್ತು,” ಎಂದರು ಮೆರೆಸೇನಿ. “ದಡ ಕುಸಿದಿರಬೇಕು ಅಂತ ನಾವೇ ವರದೀಲಿ ಬರೆದಿದ್ವಿ.”

ಕೇಂದ್ರದಲ್ಲಿ ಸ್ಪ್ರೆಡ್‌ಶೀಟ್ ಇದ್ದದ್ದು ಒಂದೇ ಯಂತ್ರದಲ್ಲಿ. ಅದು ಸೆಮೀಸಿ ದೋಣಿಯ ಡೀಸೆಲ್ಲು, ಹಗ್ಗ, ಬೋಲ್ಟುಗಳ ಪಟ್ಟಿ ಬರೆದಿಡುವ ಯಂತ್ರ. ಗೇಟಿನ ಪುಸ್ತಕದಲ್ಲಿ ಶನಿವಾರದ ಪುಟಕ್ಕೆ ಇದ್ದದ್ದೂ ಒಂದೇ ರುಜು: ಸೆಮೀಸಿ, ಒಳಗೆ 2.40, ಹೊರಗೆ 5.45. ಯಂತ್ರವನ್ನೂ ಪುಸ್ತಕವನ್ನೂ ಮಹಜರು ಮಾಡಿ ವಶಕ್ಕೆ ತೆಗೆದುಕೊಂಡರು.

ಮಂಗಳವಾರ ಬೆಳಿಗ್ಗೆ 10ಕ್ಕೆ ಸೆಮೀಸಿ ಠಾಣೆಗೆ ಬಂದ. ಐವತ್ತೆಂಟು ವಯಸ್ಸು, ಉಪ್ಪುನೀರಿಗೆ ಸುಲಿದ ಕೈಗಳು, ಇಸ್ತ್ರಿ ಮಾಡಿದ, ಲುಂಗಿಯಂಥ ಬೂದು ಸುಲು ಉಟ್ಟಿದ್ದ. ಮಡಿಲಲ್ಲಿ ಒಂದು ಬಟ್ಟೆಚೀಲ.

“ಶನಿವಾರ ಕೇಂದ್ರಕ್ಕೆ ಹೋಗಿದ್ರಾ?”

“ಹೋಗಿದ್ದೆ.”

“ನುಕುಸೇರೆ ಕಡತ ತೆರೆದಿದ್ರಾ?”

“ತೆರೆದೆ.”

“ಹನ್ನೆರಡು ಕಳೆದೋರು ನೀವೇನಾ?”

ಸೆಮೀಸಿ ಬಟ್ಟೆಚೀಲವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದ.

“ಯಾರು ಹೇಳಿ ಮಾಡ್ಸಿದ್ರು?”

“ಯಾರೂ ಇಲ್ಲ.”

“ಕೊನೇ ಒಂದು ವರ್ಷದ್ದು ಹಾರಿ ಹೋಗಿದೆ, ಗೊತ್ತಾ?”

ಆತ ಥಟ್ಟನೆ ತಲೆ ಎತ್ತಿದ. “ಹೋಗಿದೆಯಾ? ನಾನು ತೆಗೀಲಿಲ್ಲಮ್ಮ. ಅದೇನೋ ಎಲ್ಲ ಹಿಡಿಸಲಿಲ್ಲ ಅಂತ ಬಂತು. ಸರಿ ಅಂತ ಒತ್ತಿದೆ.”

ಅಲ್ಲಿಗೆ ಬಾಯಿ ಮುಚ್ಚಿತು. ಯಾಕೆ ಎಂದು ಹನ್ನೊಂದು ಸಲ ಕೇಳಿದರೂ ತೆರೆಯಲಿಲ್ಲ. ನಡುವೆ ಸಚಿವಾಲಯದಿಂದ ಮೂರು ಫೋನು: ಹಳೇ ಪ್ರತಿ ವಾಪಸ್ ಹಾಕಿ, ಆಸಾಮಿಯನ್ನ ಒಳಗೆ ಹಾಕಿ, ಫೈಲ್ ಮುಚ್ಚಿ. ಅದು ಸುಲಭದ ದಾರಿಯೇ. ಆದರೆ ಲೊಸೆನಾ ಮಧ್ಯಾಹ್ನದ ಊಟವನ್ನೂ ಮುಟ್ಟದೆ ಎರಡು ಪ್ರತಿಗಳ ವ್ಯತ್ಯಾಸವನ್ನೇ ಮತ್ತೆ ಮತ್ತೆ ನೋಡಿದಳು.

“ಮೇಡಂ, ಕಾರಣ ಸಿಕ್ತು,” ಎಂದು ಗೌಂಡರ್ ಬಂದ. “ನುಕುಸೇರೆ ಬಿಟ್ರೆ ಗುಡ್ಡ ಸಿಗೋ ಸರದೀಲಿ ಮುಂದಿನ ಊರು ವಾತುಲೋವಾ. ಸೆಮೀಸಿ ಮಾವನ ಹೆಂಡತಿ ತವರು ಯಾವುದು ಹೇಳಿ? ವಾತುಲೋವಾ.”

“ತವರಿಗೋಸ್ಕರ ಮಾಡೋನು ಒಂದಿನ ಎಂಟು, ಒಂದಿನ ಇಪ್ಪತ್ತು ಕಳೀತಿದ್ದ ಗೌಂಡರ್. ಆರು ವರ್ಷ ಒಂದೇ ಸಮ ಹನ್ನೆರಡು ಯಾಕೆ? ಸುಳ್ಳು ಹೇಳೋನು ಅಳತೆಪಟ್ಟಿ ಹಿಡ್ಕೊಂಡು ಹೇಳಲ್ಲ.” ಅವಳು ಟೋಪಿ ಎತ್ತಿಕೊಂಡಳು. “ನಾಳೆ ದೋಣಿ ಹೇಳು. ಅಳೆಯೋ ಸಾಮಾನೂ ಬೇಕು. ಮಾವನೂ ಬರ್ಲಿ.”

ಬುಧವಾರ 7.30ಕ್ಕೆ ಹೊರಟ ದೋಣಿ 9.40ಕ್ಕೆ ನುಕುಸೇರೆ ಮುಟ್ಟಿತು. ಪೊಲೀಸರಾದರೂ ಊರಿಗೆ ಬರಿಗೈಯಲ್ಲಿ ಕಾಲಿಡುವ ಹಾಗಿಲ್ಲ. ಟೋಪಿ ತೆಗೆದು, ತಂದಿದ್ದ ಯಾಂಗೋನ ಬೇರಿನ ಕಟ್ಟನ್ನು ಮುಖ್ಯಸ್ಥ ಇಲಿಸೋನಿಯ ಮುಂದಿಟ್ಟು, ಅದನ್ನು ಅರೆದು ಕದಡಿದ ಪಾನೀಯದ ಬಟ್ಟಲು ಒಂದು ಸುತ್ತು ಬರುವ ತನಕ ಲೊಸೆನಾ ಚಕ್ಕಳಮಕ್ಕಳ ಹಾಕಿ ಕೂತಳು. ಅಷ್ಟು ಹೊತ್ತು ಅವಳು ಕೂತದ್ದನ್ನು ಗೌಂಡರ್ ಅದೇ ಮೊದಲು ನೋಡಿದ್ದು.

ಚರ್ಚಿನ ಹಿಂದೆ ನಲವತ್ತೊಂದು ಸಮಾಧಿ. ಪ್ರತಿಯೊಂದರ ಸುತ್ತ ಸುಣ್ಣದ ಗೆರೆ ಎಳೆದಾಗಿತ್ತು. ಗೋಡೆಗೆ ಹಾರೆ ಗುದ್ದಲಿ ಒರಗಿಸಿದ್ದರು, ಮೂಳೆ ಸುತ್ತಿಡಲು ಹೊಸ ಚಾಪೆಗಳನ್ನು ಜೋಡಿಸಿಟ್ಟಿದ್ದರು. ಸೆಮೀಸಿ ಆ ಕಡೆ ತಿರುಗಲಿಲ್ಲ.

ಚರ್ಚಿನ ಮೆಟ್ಟಿಲಲ್ಲಿ ಸರ್ವೆಯವರು ಕೂರಿಸಿದ ಹಿತ್ತಾಳೆ ಮೊಳೆ ಇದೆ. ಆ ಮೊಳೆಗಿಂತ ಕಂಬದ ಸೊನ್ನೆಗೆರೆ 1.84 ಮೀಟರ್ ಕೆಳಗಿದೆ ಎಂದು ಕೇಂದ್ರದ ಪುಸ್ತಕ ಹೇಳುತ್ತದೆ. ನೀರಿನ ಎತ್ತರದ ಲೆಕ್ಕವೆಲ್ಲ ನಿಂತಿರುವುದು ಆ ಒಂದು ಅಂಕೆಯ ಮೇಲೆ. 10.50ಕ್ಕೆ ಇಲಿಸೋನಿ ಮತ್ತು ಶಾಲೆಯ ಮೇಷ್ಟರನ್ನು ಪಂಚರಾಗಿ ಇಟ್ಟುಕೊಂಡು ಪಂಚನಾಮೆ ಶುರುವಾಯಿತು. ಸೊಂಟದವರೆಗಿನ ನೀರಿಗಿಳಿದು ಅಳತೆಕೋಲು ಹಿಡಿದವನು ಸೆಮೀಸಿಯೇ. ಗೌಂಡರ್ ಮಟ್ಟ ನೋಡುವ ದುರ್ಬೀನಿಗೆ ಕಣ್ಣಿಟ್ಟು ಓದಿದ.

“ಒಂದು ಮೀಟರ್ ತೊಂಬತ್ತಾರು.”

“ಇನ್ನೊಂದ್ಸಲ.”

“ತೊಂಬತ್ತಾರೇ ಮೇಡಂ.”

ಕಂಬ ಹನ್ನೆರಡು ಸೆಂಟಿಮೀಟರ್ ತಗ್ಗಿನಲ್ಲಿತ್ತು. ತಗ್ಗಿನಲ್ಲಿದ್ದ ಕಂಬ ಆರು ವರ್ಷದಿಂದ ಕಡಲನ್ನು ಹನ್ನೆರಡು ಸೆಂಟಿಮೀಟರ್ ಎತ್ತರ ಮಾಡಿ ಹೇಳುತ್ತಿತ್ತು. ಕೇಂದ್ರದಲ್ಲಿ ಜೋಪಾನವಾಗಿಟ್ಟಿದ್ದ ಹಳೆಯ ಪ್ರತಿಯೇ ತಪ್ಪು, ಕಳ್ಳ ತಿದ್ದಿದ್ದೇ ನಿಜ.

ಸೆಮೀಸಿ ನೀರಿನಲ್ಲಿ ನಿಂತೇ ಮಾತಾಡಿದ. “ಚಂಡಮಾರುತದಲ್ಲಿ ಕಂಬ ಕಿತ್ಕೊಂಡು ಹೋಗಿತ್ತು. ಮತ್ತೆ ನೆಟ್ಟೋನು ನಾನೇ. ನಾಲ್ಕು ದಿನದಿಂದ ನಿದ್ದೆ ಇರ್ಲಿಲ್ಲ. ಅಳತೆ ಮಾಡ್ಲಿಲ್ಲ. ಪುಸ್ತಕದಲ್ಲಿದ್ದ ಹಳೇ ಅಂಕೇನೇ ಬರೆದೆ.”

“ಗೊತ್ತಾಗಿದ್ದು ಯಾವಾಗ?”

“ಈ ಜನವರೀಲಿ. ಕಂಬ ಕೆರೆದು ಬಣ್ಣ ಹೊಡೆಯುವಾಗ ಸುಮ್ನೆ ಅಳೆದೆ.”

“ಹೇಳ್ಬೇಕಿತ್ತಲ್ಲ ಮಾವ,” ಎಂದ ಗೌಂಡರ್.

“ಯಾವ ಮುಖ ಇಟ್ಕೊಂಡು ಹೇಳ್ಲಿ?” ಆತ ದಡಕ್ಕೆ ಬಂದು ಬಟ್ಟೆಚೀಲ ಬಿಚ್ಚಿದ. ಒಳಗೆ ನಾರಿನ ಹುರಿ ಕಟ್ಟಿದ, ಹೊಳೆಯುವ ತಿಮಿಂಗಿಲದ ಹಲ್ಲು. ತಂಬುವಾ. ಇದನ್ನು ಕೈಗಿಟ್ಟು ಆಡಿದ ಮಾತಿಗಿಂತ ದೊಡ್ಡ ಮಾತು ಈ ದ್ವೀಪಗಳಲ್ಲಿ ಇಲ್ಲ. “ಕಂಬ ನೆಟ್ಟ ದಿನ ಈ ಊರು ನಂಗೆ ಕೊಟ್ಟಿದ್ದು. ‘ಇನ್ಮೇಲೆ ನಿನ್ನ ಕಂಬ ಹೇಳಿದ್ದೇ ನಮಗೆ ಮಾತು’ ಅಂದ್ರು. ನನ್ನ ಮಾತಿಗೆ ಇವರು ತಮ್ಮ ಹಿರಿಯರನ್ನ ಅಗೀತಾರೆ ಅಂದ್ರೆ ಹೆಂಗೆ ನೋಡ್ಕೊಂಡಿರ್ಲಿ? ಕಡತದಲ್ಲಿ ಸರಿ ಮಾಡಿಬಿಟ್ರೆ ಊರ ಹೆಸರು ಪಟ್ಟಿಯಿಂದ ತಾನಾಗೇ ಬಿದ್ದು ಹೋಗುತ್ತೆ, ಯಾರಿಗೂ ತಿಳಿಯಲ್ಲ ಅಂದ್ಕೊಂಡೆ.”

ಲೊಸೆನಾ ಕೇಂದ್ರಕ್ಕೆ ಫೋನ್ ಹಚ್ಚಿ ವಿಷಯ ಹೇಳಿದಳು. ಪ್ರೀತೇಶನ ದನಿ ಎಲ್ಲರಿಗೂ ಕೇಳುವಂತಿತ್ತು.

“ಅಯ್ಯೋ ಮಾವ, ನಂಗೊಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ. ಮೂಲ ಕಡತ ಮುಟ್ಟೋದೇ ಬೇಡ. ಒಳಗೆ ತಗೊಳ್ಳುವಾಗ ಕಂಬ 014ಕ್ಕೆ ಈ ತಾರೀಕಿಂದ ಹನ್ನೆರಡು ಕಳಿ ಅಂತ ಪ್ರೋಗ್ರಾಂನಲ್ಲಿ ಒಂದೇ ಒಂದು ಸಾಲು ಬರೆದಿದ್ರೆ ಮುಗೀತಿತ್ತು.”

“ಒಂದು ಸಾಲಾ?” ಎಂದ ಸೆಮೀಸಿ.

“ಒಂದೇ.”

ಆತ ಒದ್ದೆ ಸುಲುವಿನಲ್ಲೇ ಮರಳ ಮೇಲೆ ಕೂತುಬಿಟ್ಟ. ನೋಡಲಾಗುತ್ತಿರಲಿಲ್ಲ.

ಸುತ್ತ ಊರು ನೆರೆದಿತ್ತು. “ಹಾಗಾದ್ರೆ ಶನಿವಾರ?” ಎಂದ ಇಲಿಸೋನಿ.

“ಅಗೀಬೇಡಿ. ಅಂಕೆ ತಪ್ಪಿದೆ ಅಂತ ಡಾಕ್ಟರ್ ಇವತ್ತೇ ಬರೆದು ಕೊಡ್ತಾರೆ.”

ಯಾರೋ ಅತ್ತರು. ದಡದ ಮನೆಯ ಹೆಂಗಸೊಬ್ಬಳು ಮಾತ್ರ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು: “ಅಂಕೆ ಇಳಿದ್ರೆ ನನ್ನ ಅಡುಗೆಮನೆ ಒಣಗುತ್ತೇನಮ್ಮ? ಹುಣ್ಣಿಮೆ ಹುಣ್ಣಿಮೆಗೆ ನೀರು ಬರೋದು ಬರುತ್ತಲ್ಲ.” ಲೊಸೆನಾ ಸುತ್ತಿ ಬಳಸಿ ಹೇಳಲಿಲ್ಲ. ಒಣಗಲ್ಲ ಎಂದೇ ಹೇಳಿದಳು.

ಸರ್ಕಾರಿ ದಾಖಲೆ ತಿದ್ದಿದ್ದು ತಿದ್ದಿದ್ದೇ. 12.20ಕ್ಕೆ ಸೆಮೀಸಿಯ ಬಂಧನವಾಯಿತು. ಗೌಂಡರ್ ಆತನ ಬಳಿಯಿದ್ದ ವಸ್ತುಗಳ ಪಟ್ಟಿ ಬರೆದ. ಕೈಗಡಿಯಾರ ಒಂದು. ಕನ್ನಡಕ ಒಂದು. ತಿಮಿಂಗಿಲದ ಹಲ್ಲು ಒಂದು, ಹುರಿ ಸಹಿತ.

“ಹತ್ತು ನಿಮಿಷ ಕೊಡಮ್ಮ,” ಎಂದ ಸೆಮೀಸಿ.

ಲೊಸೆನಾ ಪಟ್ಟಿಯ ಮೂರನೇ ಸಾಲನ್ನು ತಾನೇ ಹೊಡೆದು ಹಾಕಿ ಪಕ್ಕದಲ್ಲಿ ಚಿಕ್ಕ ರುಜು ಮಾಡಿದಳು.

ಸೆಮೀಸಿ ಮಂಡಿಯೂರಿ ಹಲ್ಲನ್ನು ಎರಡೂ ಕೈಯಲ್ಲಿ ಇಲಿಸೋನಿಯ ಮುಂದೆ ಹಿಡಿದ. ಅವನು ತೆಗೆದುಕೊಂಡರೆ ಊರು ಕ್ಷಮಿಸಿದಂತೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಮಾತಿದೆ, ಹನ್ನೆರಡು ಸೆಂಟಿಮೀಟರಿಗೆ ಹೋದದ್ದು ಒಂದು ಹಲ್ಲಿಗೆ ಬಂದೀತೇ? ಇಲಿಸೋನಿ ಒಮ್ಮೆ ಸುಣ್ಣದ ಗೆರೆಗಳನ್ನು ನೋಡಿದ, ಒಮ್ಮೆ ಆ ಹೆಂಗಸಿನ ಮನೆಯನ್ನು ನೋಡಿದ. ಸೆಮೀಸಿ ಹಲ್ಲನ್ನು ಹಿಡಿದೇ ಇದ್ದ. ಅಭ್ಯಾಸಬಲದಿಂದ ಗೌಂಡರ್ ಹೊತ್ತು ಬರೆದುಕೊಂಡ: ಚಾಚಿದ್ದು 12.31, ತೆಗೆದುಕೊಂಡದ್ದು 12.42.

ಶುಕ್ರವಾರ ಬೆಳಿಗ್ಗೆ ಪ್ರೀತೇಶ್ ಹಳೆಯ ಕಡತವನ್ನು ವಾಪಸ್ ಹಾಕಿ, ಪ್ರೋಗ್ರಾಂಗೆ ಆ ಒಂದು ಸಾಲು ಸೇರಿಸಿದ. ಮೂರು ಕೋಟಿ ಸಾಲು ನಾಲ್ಕು ಸೆಕೆಂಡಿನಲ್ಲಿ ತೆರೆದುಕೊಂಡಿತು. ಗುಡ್ಡಕ್ಕೆ ಎತ್ತುವ ಊರುಗಳ ಪಟ್ಟಿಯಲ್ಲಿ ಮೊದಲಿದ್ದ ನುಕುಸೇರೆ ಒಂಬತ್ತನೆಯದಾಯಿತು. ಮೊದಲಿಗೆ ಬಂದದ್ದು ವಾತುಲೋವಾ.

“ಗುಡ್ಡ ಮಾವನ ಹೆಂಡತಿ ತವರಿಗೇ ಹೋಯ್ತು ನೋಡಿ ಮೇಡಂ. ಕೋರ್ಟಲ್ಲಿ ಇದನ್ನೇ ಹಿಡ್ಕೊಂಡು ಜಗ್ತಾರೆ,” ಎಂದ ಗೌಂಡರ್. ಅವನು ಆರೋಪಪಟ್ಟಿ ಬರೆಯುತ್ತಿದ್ದ. “ಉದ್ದೇಶ ಅನ್ನೋ ಕಡೆ ಏನು ಬರೀಲಿ?”

ಲೊಸೆನಾ ಕಿಟಕಿಯಿಂದ ಬಾಗಿಲಿಗೆ ನಡೆಯುತ್ತಿದ್ದವಳು ನಿಂತಳು.

“ನಾಚಿಕೆ ಅಂತ ಬರಿ.”

“ಅದು ಕಾನೂನಲ್ಲಿ ಇಲ್ಲ ಮೇಡಂ.”

“ಗೊತ್ತು. ಆದ್ರೂ ಬರಿ,” ಎಂದು ಅವಳು ಕುರ್ಚಿ ಎಳೆದುಕೊಂಡು, ಅವನು ಬರೆದು ಮುಗಿಸುವ ತನಕ ಕೂತಳು.