ಅವ್ವನ ಪಕ್ಕದಲ್ಲಿದ್ದವಳು

"ಲೋಟ ಕೆಳಗಿಡ್ರಿ..."

ಮಹಾನಂದಾ ಅವನ ಮಣಿಕಟ್ಟನ್ನೇ ಹಿಡಿದುಬಿಟ್ಟಿದ್ದಳು. ನೀರು ತುಳುಕಿ ಇಬ್ಬರ ಕೈಮೇಲೂ ಚೆಲ್ಲಿತು. ಗಂಡಸರ ಮುಖ ನೋಡಲೂ ಹೆದರುವ ನಾನು ಇದೇನು ಮಾಡಿದೆ... ಎಂದುಕೊಂಡು ತಟ್ಟನೆ ಕೈ ಬಿಟ್ಟಳು.

"ನಮ್ಮವ್ವ ನೀರ ಬೇಡಾಕತ್ತಾಳ. ಬ್ಯಾಡ ಅನ್ನಾಕ ನೀವ್ಯಾರ್ರಿ?" ಹನುಮೇಶ ಲೋಟ ಬಿಡಲಿಲ್ಲ.

ನಗರದಂಚಿನ ಹೂಡಿಯ ಹಿಂಬದಿಯ ಆ ಆರೈಕೆ ಕೇಂದ್ರಕ್ಕೆ ಬರುತ್ತಿದ್ದವರು ಇನ್ನು ವಾಸಿಯಾಗದವರು. ಅವನ ತಾಯಿ ಶೇಖವ್ವನಿಗೆ ಗಂಟಲಿನ ಕ್ಯಾನ್ಸರ್. ನುಂಗುವ ಶಕ್ತಿ ಹೋಗಿತ್ತು. ಒಂದು ಗುಟುಕು ಕೊಟ್ಟರೂ ಉಸಿರು ಕಟ್ಟುತ್ತಿತ್ತು. ಅದಕ್ಕೇ ಅಲ್ಲಿ ಆರೈಕೆಯ ಕೆಲಸಕ್ಕಿದ್ದ ಮಹಾನಂದಾ ಒದ್ದೆ ಹತ್ತಿಯಿಂದ ಮುದುಕಿಯ ತುಟಿ, ನಾಲಗೆ ತೇವ ಮಾಡುತ್ತಿದ್ದಳು.

ಇದನ್ನೆಲ್ಲ ಹೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಹನುಮೇಶನೇ ಮುಂದುವರಿಸಿದ.

"ನಿಮ್ಮವ್ವ ಆಗಿದ್ರ ಹಿಂಗ ಬಾಯಿ ಒಣಗಸ್ತಿದ್ರೇನು?"

ಮಹಾನಂದಾಳಿಗೆ ತನ್ನ ಅವ್ವನ ಮುಖವೇ ನೆನಪಿರಲಿಲ್ಲ. ತಲೆ ತಗ್ಗಿಸಿದಳು.

ನರ್ಸ್ ಅಶ್ವತ್ಥಮ್ಮ ಬಂದು ಅವನಿಗೆ ಬಿಡಿಸಿ ಹೇಳಿದರು. ಅವನು ಲೋಟ ಕೆಳಗಿಟ್ಟ, ಸಿಟ್ಟನ್ನು ಮಾತ್ರ ಬಿಡಲಿಲ್ಲ. ತಮ್ಮ ಕಡೆ ಕೊನೆಗೆ ಮಗನ ಕೈಯ ನೀರು ತಾಯಿಯ ಬಾಯಿಗೆ ಬೀಳಬೇಕು, ಇಲ್ಲವಾದರೆ ಜೀವ ದಾಹದಲ್ಲೇ ಹೋಗುತ್ತದೆ ಎಂದು ಅಶ್ವತ್ಥಮ್ಮನ ಮುಂದೆ ಕಣ್ಣೊರೆಸಿಕೊಂಡ. ಪಕ್ಕದ ಮಂಚದ ಹಾಸಿಗೆ ಬದಲಿಸುತ್ತಿದ್ದ ಮಹಾನಂದಾ ಎಲ್ಲವನ್ನೂ ಕೇಳಿಸಿಕೊಂಡಳು. ಅವಳೂ ಆ ಕಡೆಯವಳೇ, ಯಾದಗಿರಿಯವಳು.

ಅವನು ಹತ್ತಿರದ ದೊಡ್ಡನೆಕ್ಕುಂದಿಯ ತಗಡಿನ ಫ್ಯಾಕ್ಟರಿಯಿಂದ ದಿನವೂ ಬರುತ್ತಿದ್ದ. ತಾಯಿಯ ಪಾದ ಹಿಡಿದು ಕೂರುತ್ತಿದ್ದ. ಇವಳು ಮುದುಕಿಯನ್ನು ಮಗ್ಗುಲು ಬದಲಿಸಿದರೂ, ಬೆನ್ನಿಗೆ ಎಣ್ಣೆ ಸವರಿದರೂ, ಇವಳತ್ತ ನೋಡುತ್ತಿರಲಿಲ್ಲ. ಇವಳು ಮಾತ್ರ ನೋಡುತ್ತಿದ್ದಳು... ಬೆರಳುಗಳ ತುಂಬ ತಗಡು ಕೊಯ್ದ ಗಾಯ. ತಾಯಿ ನರಳಿದರೆ ಅವನ ಭುಜ ಕುಗ್ಗುತ್ತಿತ್ತು.

ಬಾಡಿಗೆ ಕೋಣೆಗೆ ಹೋದರೆ ಒಬ್ಬಳಿಗೇ ಅಡುಗೆ, ಒಬ್ಬಳದೇ ಊಟ. ಅಲ್ಲಿ ಅವಳ ಹೆಸರು ಹಿಡಿದು ಕರೆಯುವವರಿರಲಿಲ್ಲ.

ನನ್ನ ಮೇಲೆ ಸಿಟ್ಟು ಮಾಡಲಿಕ್ಕಾದರೂ ಒಬ್ಬ ಇದ್ದಾನಲ್ಲ... ಎನಿಸಿ, ಆ ಯೋಚನೆಗೆ ತಾನೇ ನಾಚಿದಳು.

ಒಂದು ಮಧ್ಯಾಹ್ನ ಶೇಖವ್ವನ ಉಸಿರು ಬದಲಾಯಿತು. ಸಂಜೆಯವರೆಗೂ ಉಳಿಯುವುದು ಕಷ್ಟ ಎಂದರು ಅಶ್ವತ್ಥಮ್ಮ. ಹನುಮೇಶನಿಗೆ ಎಷ್ಟು ಸಲ ಫೋನ್ ಮಾಡಿದರೂ ಎತ್ತಲಿಲ್ಲ. ಫ್ಯಾಕ್ಟರಿಯಲ್ಲಿ ಕೆಲಸಗಾರರ ಫೋನುಗಳನ್ನು ಗೇಟಿನಲ್ಲೇ ಇಡಿಸಿಕೊಳ್ಳುತ್ತಿದ್ದರು.

"ನೀನ್ ಹೋಗ್ಬುಟ್ ಕರ್ಕೊಂಬಾರಮ್ಮ. ಅಜ್ಜಿ ಹತ್ರ ನಾನಿರ್ತೀನಿ."

ಮಹಾನಂದಾ ಆಟೊ ಹತ್ತಿದಳು. ಶಿಫ್ಟ್ ಮುಗಿಯುವವರೆಗೆ ಯಾರನ್ನೂ ಬಿಡುವುದಿಲ್ಲ ಎಂದ ಫ್ಯಾಕ್ಟರಿ ಗೇಟಿನ ಸೆಕ್ಯುರಿಟಿ. ಅವಳು ಹಿಂದೆ ಸರಿಯಲಿಲ್ಲ.

"ಅಣ್ಣ, ಅವರವ್ವ ಹೋಗಾಕತ್ತಾಳ. ನೀವು ಕರಿಯೋತನಕ ನಾ ಇಲ್ಲೇ ನಿಂದರತೀನಿ."

ಅಷ್ಟು ಗಟ್ಟಿಯಾಗಿ ಅವಳು ಎಂದೂ ಮಾತಾಡಿರಲಿಲ್ಲ. ಸೆಕ್ಯುರಿಟಿಯವನು ಒಮ್ಮೆ ಅವಳನ್ನು ನೋಡಿ, ಒಳಗೆ ಹೇಳಿ ಕಳಿಸಿದ.

ಅವರಿಬ್ಬರೂ ಬಂದಾಗ ಶೇಖವ್ವನ ಉಸಿರು ಇನ್ನೂ ಇತ್ತು. ಮಹಾನಂದಾ ಹತ್ತಿಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಅವನ ಬೆರಳುಗಳ ನಡುವೆ ಇಟ್ಟಳು.

"ನೀವೇ ಹಚ್ರಿ. ಇದೂ ನಿಮ್ಮ ಕೈ ನೀರೇ."

ಅವನು ಹಚ್ಚಿದ. ಶೇಖವ್ವನ ಒಣತುಟಿ ಹತ್ತಿಯನ್ನು ಮೆಲ್ಲಗೆ ಚೀಪಿತು. ಕೆಮ್ಮಲಿಲ್ಲ, ಉಸಿರು ಕಟ್ಟಲಿಲ್ಲ. ಹಣೆಯ ಗಂಟು ಸಡಿಲವಾಯಿತು. ಆ ನೆಮ್ಮದಿಯಲ್ಲೇ ಜೀವ ಹೋಯಿತು.

ಹನುಮೇಶ ತಾಯಿಯನ್ನು ಊರಿಗೆ ಒಯ್ದ. ಮಂಚಕ್ಕೆ ಬೇರೆಯವರು ಬಂದರು. ಇನ್ನು ಅವನಿಗೆ ಇಲ್ಲಿ ಏನಿದೆ... ಎಂದು ಮನಸ್ಸಿಗೆ ಹೇಳಿಕೊಂಡಳು. ಆದರೂ ಬಾಗಿಲು ಸದ್ದಾದಾಗಲೆಲ್ಲ ಅವಳ ಕಣ್ಣು ಅತ್ತಲೇ ಹೋಗುತ್ತಿತ್ತು.

ತಾಯಿಯ ದಿನಕರ್ಮ ಮುಗಿದ ಮೇಲೆ ಒಂದು ದಿನ ಅವನು ಬಂದ. ಬೋಳಿಸಿದ ತಲೆಯಲ್ಲಿ ಕೂದಲು ಚಿಗುರುತ್ತಿತ್ತು. ಅಂದಿನ ಮಾತಿಗೆ ಕ್ಷಮೆ ಕೇಳಿದ. ಆಮೇಲೆ ಊರಿನ ಮಾತು ತೆಗೆದ.

"ಊರಾಗ ಎಲ್ಲಾರೂ ಕೇಳಿದ್ರು... ನೀ ಕೆಲಸಕ್ಕ ಹೋದಾಗ ಅವ್ವನ ಬಾಜೂಕ ಯಾರಿದ್ರು ಅಂತ."

"ಏನಂದ್ರಿ?"

"ನಮ್ಮ ಮನಿಯಾಕಿ ಒಬ್ಬಾಕಿ ಇದ್ಲು ಅಂದೆ." ಅವನು ತಲೆ ಸವರಿಕೊಂಡ. "ಸುಳ್ಳ ಹೇಳಿದ್ನೇನ್ರಿ?"

ಮಹಾನಂದಾ ಮೊದಲ ಸಲ ಅವನ ಕಣ್ಣನ್ನೇ ನೋಡಿದಳು. ಅವನೂ ನೋಡುತ್ತಿದ್ದ... ಅವಳ ಉತ್ತರಕ್ಕೆ ಹೆದರುತ್ತಿದ್ದವನಂತೆ.

"ಇಲ್ರಿ," ಅಂದಳು ಮೆಲ್ಲಗೆ. "ಖರೇನ ಹೇಳೀರಿ."